ಹನ್ನೆರಡು ವರ್ಷದ ಲೆಕ್ಕ

2023ರ ಮಳೆಗಾಲದಲ್ಲಿ ಶುಂಠಿ ದರ ಏರಿದ ಪರಿಯನ್ನು ಸೊರಬ ತಾಲ್ಲೂಕಿನ ಜಡೆ, ಆನವಟ್ಟಿ ಕಡೆಯ ರೈತರು ಇನ್ನೂ ಮರೆತಿಲ್ಲ. 60 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಕಿತ್ತ ಕೂಲಿಯೂ ಹುಟ್ಟುವುದಿಲ್ಲವೆಂದು ಗಡ್ಡೆಯನ್ನು ನೆಲದಲ್ಲೇ ಬಿಟ್ಟವರಿದ್ದರು. ಹಾಗೆ ಬಿಟ್ಟವರಲ್ಲಿ ಕೆಲವರು ಬೇಸತ್ತು ಮೆಕ್ಕೆಜೋಳಕ್ಕೆ ಹೋದರು. ಇನ್ನು ಕೆಲವರು ಹಟಕ್ಕೆ ಬಿದ್ದೋ, ಬೇರೆ ದಾರಿ ಕಾಣದೆಯೋ ಮತ್ತೆ ಶುಂಠಿಯನ್ನೇ ಹಾಕಿದರು. ಮೆಕ್ಕೆಜೋಳ ಹಾಕಿದವರಿಗೆ ಎಂದಿನ ಮೆಕ್ಕೆಜೋಳದ ದುಡ್ಡು ಬಂತು. ಶುಂಠಿ ಹಾಕಿದವರ ಮನೆ ಮುಂದೆ ಹೊಸ ಟ್ರ್ಯಾಕ್ಟರ್ ನಿಂತಿತು.

ಆಗ ಚಹಾದಂಗಡಿಯ ಮುಂದೆ ನಡೆಯುತ್ತಿದ್ದ ಮಾತು ಎಲ್ಲ ಊರಲ್ಲೂ ಒಂದೇ.

'ಏನು ನಸೀಬು ಮಾರಾಯ ಅವಂದು!'

'ನಸೀಬಲ್ಲ ಗೌಡ್ರೆ, ಬೆನ್ನು ಬಗ್ಗಿಸಿ ದುಡಿದಿದೀನಿ.'

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಶುಂಠಿ ಸೋಮಾರಿಯ ಬೆಳೆಯಲ್ಲ. ಏರುಮಡಿ ಮಾಡಬೇಕು, ನೀರು ನಿಲ್ಲದಂತೆ ಬಸಿಗಾಲುವೆ ತೋಡಬೇಕು, ಮುಚ್ಚಿಗೆಗೆ ಸೊಪ್ಪೋ ಹುಲ್ಲೋ ಹೊಂದಿಸಬೇಕು, ಗಡ್ಡೆ ಕೊಳೆ ಬಂತೇ ಎಂದು ದಿನಾ ಸಾಲಿನುದ್ದಕ್ಕೂ ಬಗ್ಗಿ ನೋಡಬೇಕು. ಆದರೆ ಇದೇ ಮನುಷ್ಯ ಹಿಂದಿನ ವರ್ಷವೂ ಇಷ್ಟೇ ಬಗ್ಗಿದ್ದ. ಬೆನ್ನು ಅದೇ, ಮಡಿಯೂ ಅದೇ, ಬದಲಾದದ್ದು ದರ ಮಾತ್ರ. ಮುಂದೆ ದರ ಮತ್ತೆ ಪಾತಾಳಕ್ಕೆ ಇಳಿದಾಗ, ಹೆಚ್ಚು ಎಕರೆಗೆ ಗುತ್ತಿಗೆ ಹಿಡಿದು ಬೀಜದ ಗಡ್ಡೆಗೆ ಕೇಳಿದಷ್ಟು ಕೊಟ್ಟವರು ಸಾಲಕ್ಕೆ ಸಿಕ್ಕಿಕೊಂಡರು. ಆಗ ಮಾತೂ ತಿರುಗಿತು. ಸೋತವನು 'ಹಣೆಬರಹ' ಎಂದ. ನೋಡುವವರು 'ಆಸೆಬುರುಕ, ಲೆಕ್ಕಾಚಾರ ಇಲ್ಲದೆ ಹಾಕಿದ' ಎಂದರು. ಗೆದ್ದಾಗ ದುಡಿಮೆ ನಮ್ಮದು, ನಸೀಬು ಪಕ್ಕದವನದು. ಸೋತಾಗ ನಸೀಬು ನಮ್ಮದು, ತಪ್ಪು ಪಕ್ಕದವನದು. ಇಷ್ಟು ಅನುಕೂಲದ ಲೆಕ್ಕ ಬೇರೆ ಯಾವ ವ್ಯವಹಾರದಲ್ಲೂ ಇರಲಾರದು.

ಯಶಸ್ಸು ಅದೃಷ್ಟದಿಂದಲೋ ಪರಿಶ್ರಮದಿಂದಲೋ ಎಂಬ ಚರ್ಚೆ ಬಂದಾಗ ನಮ್ಮ ಭಾಷಣಕಾರರು ಪರದೇಶದ ಉದ್ಯಮಿಗಳ ಹೆಸರು ಹೇಳುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು, ಒಂದು ಕಲ್ಲಿನ ಕಂಬ ನಿಂತಿದೆ. ಐದನೇ ಶತಮಾನದ ನಡುಭಾಗದ್ದು. ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ, ತಾನೇ ಕಲ್ಲಿನ ಮೇಲೆ ಬರೆದ ಕಾವ್ಯ ಅದರ ಮೇಲಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಮಯೂರ ಎಂದರೆ 1975ರ ಸಿನಿಮಾದ ರಾಜ್‌ಕುಮಾರ್; ದೇವುಡು ಅವರ ಕಾದಂಬರಿಯಿಂದ ಬಂದ ಕಥೆ ಅದು. ಆ ಕಾದಂಬರಿಗೂ ಸಿನಿಮಾಕ್ಕೂ ಮೂಲದ ಎಳೆ ಸಿಕ್ಕಿದ್ದು ಈ ಕಂಬದಿಂದ.

ಕಂಬ ಹೇಳುವುದಿಷ್ಟು. ಮನೆಯ ಬಳಿ ಕದಂಬ ಮರ ಬೆಳೆಸಿಕೊಂಡಿದ್ದ, ವೇದಾಧ್ಯಯನದಲ್ಲಿ ಪಳಗಿದ ಒಂದು ಕುಟುಂಬ. ಆ ಮನೆಯ ಹುಡುಗ ಮಯೂರಶರ್ಮ ಗುರು ವೀರಶರ್ಮನ ಜೊತೆ ಉನ್ನತ ವ್ಯಾಸಂಗಕ್ಕೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗುತ್ತದೆ. ಅವಮಾನವಾಗುತ್ತದೆ. ಓದು ಅಲ್ಲಿಗೆ ನಿಂತು, ಸಮಿತ್ತು ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯುತ್ತದೆ. ಪಲ್ಲವರ ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಡೆಯ ದಟ್ಟ ಕಾಡನ್ನು ಸೇರುತ್ತಾನೆ. ಬೃಹದ್ಬಾಣರಂಥ ಅರಸರಿಂದ ಕಪ್ಪ ವಸೂಲು ಮಾಡುತ್ತಾನೆ. ಪಲ್ಲವ ಸೈನ್ಯ ಬಂದರೆ ದುರ್ಗಮ ಜಾಗದಲ್ಲಿ, ರಾತ್ರಿ ಹೊತ್ತಿನಲ್ಲಿ ಮೇಲೆ ಬಿದ್ದು ಸತಾಯಿಸುತ್ತಾನೆ. ಕೊನೆಗೆ ಪಲ್ಲವರೇ ಇವನ ಜೊತೆ ಹಗೆಗಿಂತ ಸ್ನೇಹ ಲೇಸೆಂದು ಕಂಡುಕೊಂಡು, ಪಡುಗಡಲಿನಿಂದ ಪ್ರೇಹರದವರೆಗಿನ ನೆಲ ಬಿಟ್ಟುಕೊಟ್ಟು ಪಟ್ಟ ಕಟ್ಟುತ್ತಾರೆ. ಸುಮಾರು ಕ್ರಿ.ಶ. 345ರ ಹೊತ್ತಿಗೆ ಬನವಾಸಿಯ ಕದಂಬ ರಾಜ್ಯ ಶುರುವಾದದ್ದು ಹೀಗೆ. ಕನ್ನಡ ನೆಲದಲ್ಲಿ ಹುಟ್ಟಿದ ಮೊದಲ ಅರಸುಮನೆ ಎಂದು ನಾವು ಹೆಮ್ಮೆ ಪಡುವುದು ಇದನ್ನೇ.

ಇದರಲ್ಲಿ ಅದೃಷ್ಟ ಎಷ್ಟು, ಸಿದ್ಧತೆ ಎಷ್ಟು? ತಯಾರಿ ಇದ್ದವನಿಗೆ ಅವಕಾಶ ಒಲಿಯುತ್ತದೆ ಎನ್ನುತ್ತಾರಲ್ಲ, ಆ ಸೂತ್ರ ಈ ಕಂಬದ ಹತ್ತಿರ ಬಂದರೆ ತಡವರಿಸುತ್ತದೆ. ಮಯೂರಶರ್ಮ ವರ್ಷಗಟ್ಟಲೆ ತಯಾರಾದದ್ದು ವೇದಪಾಠಕ್ಕೆ. ಅದನ್ನು ಪೂರೈಸಲೆಂದು ಕಂಚಿಗೆ ಹೋದ, ಅದು ಪೂರೈಸಲೇ ಇಲ್ಲ. ಅವನು ಗೆದ್ದದ್ದು ಕಂಬದ ಮಾತಿನ ಪ್ರಕಾರ ಯಾವ ತಯಾರಿಯೂ ಇರದ ಕೆಲಸದಲ್ಲಿ. ಆ ಸವಾರ ಅಂದು ಬೇರೆ ಬೀದಿಯಲ್ಲಿ ಹೋಗಿದ್ದರೆ ಕಂಚಿಯ ಘಟಿಕೆಯಿಂದ ಒಬ್ಬ ಒಳ್ಳೆಯ ವಿದ್ವಾಂಸ ತಾಳಗುಂದಕ್ಕೆ ಮರಳುತ್ತಿದ್ದ, ಅಷ್ಟೇ. ಕಂಬ ಹೇಳದ ಸಂಗತಿ ಇನ್ನೊಂದಿದೆ. ಹೆಚ್ಚುಕಡಿಮೆ ಆ ಕಾಲಕ್ಕೇ ಗುಪ್ತರ ಸಮುದ್ರಗುಪ್ತ ದಕ್ಷಿಣಕ್ಕೆ ದಂಡೆತ್ತಿ ಬಂದಿದ್ದ. ಅವನು ಮಣಿಸಿದ ಅರಸರ ಪಟ್ಟಿಯಲ್ಲಿ ಕಂಚಿಯ ವಿಷ್ಣುಗೋಪನ ಹೆಸರು ಅಲಹಾಬಾದಿನ ಕಂಬದ ಮೇಲಿದೆ. ಆ ಪೆಟ್ಟಿನಿಂದ ಪಲ್ಲವರು ತತ್ತರಿಸಿದ್ದು ಮಯೂರಶರ್ಮನಿಗೆ ಅನುಕೂಲವಾಗಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. ಊಹೆ ನಿಜವಾದರೆ, ನಮ್ಮ ಮೊದಲ ರಾಜನ ಗೆಲುವಿನಲ್ಲಿ ಪಾಟಲೀಪುತ್ರದ ಒಬ್ಬ ಅಪರಿಚಿತನ ಪಾಲೂ ಇದೆ.

ಹಾಗೆಂದು ಎಲ್ಲವನ್ನೂ ನಸೀಬಿನ ತಲೆಗೆ ಕಟ್ಟಲೂ ಆಗುವುದಿಲ್ಲ. ಕಾಡಿನಲ್ಲಿ ರಾತ್ರಿಯ ಮೇಲೆ ರಾತ್ರಿ ಸೈನ್ಯವನ್ನು ಕಾಡಿದ್ದು ನಸೀಬಲ್ಲ, ಅದು ಛಲ. ಕುದುರೆ ಸವಾರರಿಂದ ಅವಮಾನ ಉಂಡ ಓದುವ ಹುಡುಗ ಕಂಚಿಯಲ್ಲಿ ಅವನೊಬ್ಬನೇ ಆಗಿರಲಾರ. ಹೆಚ್ಚಿನವರು ಮುಖ ಒರೆಸಿಕೊಂಡು ಪಾಠಕ್ಕೆ ಮರಳಿರುತ್ತಾರೆ. ಅವನಂತೆಯೇ ಕತ್ತಿ ಹಿಡಿದು, ಮೊದಲ ಗಡಿಠಾಣೆಯಲ್ಲೇ ತಲೆ ಕೊಟ್ಟವರೂ ಇದ್ದಿರಬಹುದು. ಅವರ ಛಲ ಇವನಿಗಿಂತ ಕಡಿಮೆಯಿತ್ತು ಎನ್ನಲು ಯಾವ ಆಧಾರವಿದೆ? ತಾಳಗುಂದದ ಕಂಬ ಎತ್ತಿದ್ದು ಗೆದ್ದವನ ವಂಶದವರು, ಅವನ ಕಾಲವಾಗಿ ಒಂದು ಶತಮಾನದ ಹೊತ್ತಿಗೆ. ಗೆಲುವಿನ ಕಥೆಗಳೆಲ್ಲ ಹೀಗೆ ಗೆದ್ದ ಮೇಲೆ ಬರೆದವು. ಹಿಂದಿರುಗಿ ನೋಡುವಾಗ ಪ್ರತಿ ಹೆಜ್ಜೆಯೂ ಗುರಿಯ ಕಡೆಗೇ ಇಟ್ಟಂತೆ ಕಾಣುತ್ತದೆ.

ಸೋತವರಿಗೆ ಕಲ್ಲು ಇಲ್ಲ ಎಂದು ಬರೆದು ಮುಗಿಸಬಹುದಿತ್ತು. ಆದರೆ ಈ ಸೀಮೆಯಲ್ಲಿ ಆ ಮಾತು ನಿಲ್ಲುವುದಿಲ್ಲ. ಸೊರಬ, ಶಿಕಾರಿಪುರ ತಾಲ್ಲೂಕುಗಳ ಊರೂರಲ್ಲಿ, ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ತೋಟದ ಬೇಲಿಗೆ ಆನಿಸಿ ವೀರಗಲ್ಲುಗಳಿವೆ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳನ್ನು ತಿರುವಿದರೆ ಪುಟದ ಮೇಲೆ ಪುಟ ಇವೇ ಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಕೈಲಾಸ, ಲಿಂಗ, ಪೂಜಾರಿ. ಅಕ್ಷರ ಇದ್ದರೆ ಇಂಥವನ ಮಗ ಇಂಥವನು ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರ ಮೇಲೆ ಬಿದ್ದು ಕಾದಿ ಸತ್ತ ಎಂಬ ಒಕ್ಕಣೆ. ಅವನು ರಾಜನಲ್ಲ, ರಾಜ್ಯ ಕಟ್ಟಲಿಲ್ಲ. ಕೆಲವು ಕಲ್ಲುಗಳಲ್ಲಿ ದನ ಮರಳಿಸಿದ ಮಾತಿದೆ, ಕೆಲವುಗಳಲ್ಲಿ ಅದೂ ಇಲ್ಲ. ಆದರೂ ಊರು ಕಲ್ಲು ನಿಲ್ಲಿಸಿತು. ಬರೀ ಕಲ್ಲು ನಿಲ್ಲಿಸಿ ಸುಮ್ಮನಾಗಲೂ ಇಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟುಕೊಟ್ಟದ್ದೂ ಉಂಟು.

ಇದನ್ನು ಬರೀ ಶೌರ್ಯಪೂಜೆ ಎಂದು ತಳ್ಳಿಹಾಕಬಾರದು. ಇದರ ಹಿಂದೆ ಒಂದು ತೂಕದ ವಿವೇಚನೆ ಇದೆ. ಮನುಷ್ಯ ಏನು ಮಾಡಿದ ಎಂಬುದು ಒಂದು ಪ್ರಶ್ನೆ, ಅವನಿಗೆ ಏನು ಸಿಕ್ಕಿತು ಎಂಬುದು ಇನ್ನೊಂದು. ವೀರಗಲ್ಲು ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನು ದೈವಕ್ಕೆ ಬಿಡುತ್ತದೆ. ಈಗ ನಾವು ಕೇಳುವುದು ಎರಡನೆಯದನ್ನು ಮಾತ್ರ. ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸಿನಲ್ಲಿ ತೊಂಬತ್ತೆಂಟರ ಹುಡುಗಿಯ ಮುಖವಿರುತ್ತದೆ. ದನ ಕಟ್ಟಿ, ಹಾಲು ಡೇರಿಗೆ ಹಾಕಿ, ಆಮೇಲೆ ಬಸ್ಸು ಹಿಡಿದು ಅರವತ್ತೆರಡು ತಂದವಳಿಗೆ ಯಾವ ಫ್ಲೆಕ್ಸೂ ಇಲ್ಲ. ಇರಲಿ, ಅದು ಬೇರೆಯದೇ ಲೇಖನವಾದೀತು.

ಮತ್ತೆ ತೋಟಕ್ಕೆ ಬರೋಣ. ಅಡಿಕೆ ಬೆಳೆಗಾರನಿಗೆ ಈ ಚರ್ಚೆ ಕಲಿಸಬೇಕಾಗಿಲ್ಲ, ಮುಂಗಾರಿನ ಹೊಸ್ತಿಲಲ್ಲಿ ಪ್ರತಿವರ್ಷ ಅವನು ಅದನ್ನು ಡ್ರಮ್ಮಿನಲ್ಲಿ ಕಲಸುತ್ತಾನೆ. 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿಗೆ ಒಂದು ಕಿಲೋ ಸುಣ್ಣ. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಹೊಯ್ಯುತ್ತ ಕಲಕಿದರೆ ಬೋರ್ಡೋ ದ್ರಾವಣ, ಕೊಳೆರೋಗಕ್ಕೆ ಮದ್ದು. ಬಿಸಿಲಿನ ದಿನದ ಆಕಾಶದ ಬಣ್ಣ. ಸರಿಯಾಯಿತೇ ಎಂದು ನೋಡಲು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಅದರೊಳಗೆ ಸ್ವಲ್ಪ ಹೊತ್ತು ಅದ್ದುತ್ತಾರೆ. ಎತ್ತಿದಾಗ ಅಲಗಿಗೆ ಕೆಂಪು ಬಣ್ಣ ಹತ್ತಿದ್ದರೆ ತಾಮ್ರ ಜಾಸ್ತಿಯಾಗಿದೆ ಎಂದರ್ಥ, ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕು, ಮತ್ತೆ ಅದ್ದು. ಅಲಗು ಬಿಳಿಯಾಗಿಯೇ ಮೇಲೆ ಬಂದ ಮೇಲೆ ಕೊನೆಗೌಡ ಮರ ಹತ್ತುತ್ತಾನೆ. ಕೊನೆಗೌಡರು ಸಿಗದ ಈ ಕಾಲದಲ್ಲಿ ನೆಲದಲ್ಲೇ ನಿಂತು ಉದ್ದದ ಫೈಬರ್ ದೋಟಿಯಿಂದ ಹೊಡೆಯುವುದೂ ಬಂದಿದೆ.

ಈ ಮದ್ದು ಇಲ್ಲಿಗೆ ಬಂದದ್ದರಲ್ಲೂ ಅದೃಷ್ಟ, ದುಡಿಮೆ ಎರಡೂ ಬೆರೆತಿವೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. 1882ರಲ್ಲಿ ಮಿಯಾರ್ಡೆ ಎಂಬ ಸಸ್ಯವಿಜ್ಞಾನಿ ಆ ಬದಿಯ ಬಳ್ಳಿಗಳಿಗೆ ಮಾತ್ರ ರೋಗವಿಲ್ಲದ್ದನ್ನು ಕಂಡ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳನ್ನು ಸುತ್ತಿ, ಅಡಿಕೆಯ ಕೊಳೆರೋಗ ತರುವ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ಬಗ್ಗೆ ಪುಸ್ತಿಕೆ ಹೊರತಂದು, ಬೋರ್ಡೋ ಹೊಡೆಯುವುದನ್ನು ರೂಢಿಗೆ ತಂದ. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದೊಂದೇ ದಾರಿಯಾಗಿತ್ತು. ಫ್ರಾನ್ಸಿನ ಕಳ್ಳರ ಭಯಕ್ಕೆ ಎರಚಿದ ನೀರು ಇಲ್ಲಿ ಗೊನೆ ಕಾಯುತ್ತಿದೆ ಎಂದರೆ ಒಪ್ಪಲೇಬೇಕಾದ ಯೋಗಾಯೋಗ. ಆದರೆ ಕೋಲ್ಮನ್ ತೋಟ ತೋಟ ಸುತ್ತಿದ್ದು ಯೋಗಾಯೋಗವಲ್ಲ.

ಬೋರ್ಡೋ ಅಡಿಕೆಯ ದರವನ್ನು ಒಂದು ರೂಪಾಯಿಯೂ ಏರಿಸುವುದಿಲ್ಲ. ಮರಕ್ಕೆ ಒಂದು ಕಾಯಿ ಹೆಚ್ಚಿಗೆ ಬಿಡಿಸುವುದೂ ಇಲ್ಲ. ಕಟ್ಟಿದ ಕಾಯಿ ಉದುರದಂತೆ ನೋಡಿಕೊಳ್ಳುತ್ತದೆ, ಅದೂ ಮಳೆ ಮನಸ್ಸು ಮಾಡಿದರೆ. ಮೊದಲ ಸಲ ಮಳೆ ಹಿಡಿಯುವ ಮುನ್ನ ಹೊಡೆಯಬೇಕು, ಎರಡನೆಯದು 40–45 ದಿನದ ನಂತರ. ಆ ಹೊತ್ತಿಗೆ ಹೊಳವು ಸಿಗಬೇಕು. ಸಿಗದೆ ಹದಿನೈದು ದಿನ ಬಿಡದೆ ಸುರಿದರೆ ಅಚ್ಚುಕಟ್ಟಾಗಿ ಹೊಡೆದವನ ತೋಟದಲ್ಲೂ ಹಸಿರು ಕಾಯಿ ಉದುರಿ ಬುಡದ ತುಂಬ ಹಾಸಿಕೊಳ್ಳುತ್ತದೆ. ಹೊಡೆಯದವನ ತೋಟಕ್ಕೆ ಒಂದೊಂದು ವರ್ಷ ಏನೂ ಆಗದೆ ಅವನು ಮೈಲುತುತ್ತದ ದುಡ್ಡು ಉಳಿಸಿದ್ದನ್ನು ಹೇಳಿಕೊಂಡು ತಿರುಗುತ್ತಾನೆ. ಒಂದೇ ಮಳೆಗಾಲವನ್ನು ನೋಡಿ ತೀರ್ಪು ಕೊಟ್ಟರೆ ಅವನೇ ಜಾಣ.

ಆದರೆ ಯಾವ ಬೆಳೆಗಾರನೂ ಅವನನ್ನು ನೋಡಿ ಮದ್ದು ಹೊಡೆಯುವುದನ್ನು ಬಿಡುವುದಿಲ್ಲ. ಯಾಕೆಂದರೆ ತೋಟದವನ ಲೆಕ್ಕ ಒಂದು ವರ್ಷದ್ದಲ್ಲ. ಈ ಮಾತಿಗೆ ಒಂದು ದೊಡ್ಡ ಸಾಕ್ಷಿ ಕೆಳದಿಯ ಕಡೆಯಿಂದ ಬರುತ್ತದೆ. ಸೊರಬ ಸೀಮೆಯೂ ಒಂದು ಕಾಲಕ್ಕೆ ಕೆಳದಿ ಅರಸರದೇ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ಭೂಮಿಗೆ ಕಂದಾಯ ಗೊತ್ತುಮಾಡಲು ಹೊರಟಾಗ ಒಂದು ಸುಗ್ಗಿಯ ರಾಶಿ ನೋಡಿ ದರ ಬರೆಯಲಿಲ್ಲ. ಊರಿನ ಒಂದೊಂದು ಬಗೆಯ ಭೂಮಿಯಲ್ಲಿ ಒಂದೊಂದನ್ನು ಸರಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಮಾಡಿದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ 12 ವರ್ಷ ಸತತವಾಗಿ ಬರೆಸಿದ. ಆ 12 ವರ್ಷದ ಸರಾಸರಿಯ ಮೇಲೆ ಕಂದಾಯ ನಿಂತಿತು. ಅದಕ್ಕೇ ಶಿವಪ್ಪನಾಯಕನ ಶಿಸ್ತು ಎಂದು ಹೆಸರು.

ಇದನ್ನು ಆಡಳಿತದ ಜಾಣ್ಮೆ ಎಂದು ಪಠ್ಯಪುಸ್ತಕ ಹೊಗಳುತ್ತದೆ. ನನಗೆ ಅದರಲ್ಲಿ ಕಾಣುವುದು ಇಂದಿನ ಪ್ರಶ್ನೆಗೆ ಒಬ್ಬ ಅರಸ ಕೊಟ್ಟ ಉತ್ತರ. ಒಂದು ವರ್ಷದ ಫಸಲಿನಲ್ಲಿ ಮಳೆಯ ಪಾಲು ಹೆಚ್ಚು, ಕೈಯ ಪಾಲು ಕಡಿಮೆ. 12 ವರ್ಷ ಒಟ್ಟು ಹಾಕಿದರೆ ಬರವೂ ಅತಿವೃಷ್ಟಿಯೂ ಕೊಳೆಯೂ ಒಳ್ಳೆಯ ದರವೂ ಒಂದನ್ನೊಂದು ಕಳೆದುಕೊಂಡು, ಕೊನೆಗೆ ಉಳಿಯುವುದು ನೆಲದ ಗುಣ ಮತ್ತು ಕೈಯ ಗುಣ. ಅದೃಷ್ಟವೋ ದುಡಿಮೆಯೋ ಎಂದು ಕೇಳುವವರು ಎಷ್ಟು ವರ್ಷದ ಲೆಕ್ಕ ಎಂದು ಹೇಳುವುದೇ ಇಲ್ಲ. ಅದನ್ನು ಹೇಳಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧ ಮುಗಿಯುವುದಿಲ್ಲ, ಅದೂ ನಿಜ. ಯಾಕೆಂದರೆ 12 ವರ್ಷ ತಡೆದುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಎರಡು ಎಕರೆ ಗುತ್ತಿಗೆ ಹಿಡಿದು, ಕೈಸಾಲ ಮಾಡಿ ಶುಂಠಿ ಹಾಕಿದವನಿಗೆ ಮೊದಲ ವರ್ಷವೇ ಗಡ್ಡೆ ಕೊಳೆತರೆ ಅವನ ಲೆಕ್ಕ ಅಲ್ಲಿಗೇ ಮುಗಿಯಿತು. ಸರಾಸರಿ ಅವನವರೆಗೆ ಬರುವುದೇ ಇಲ್ಲ. ಬೆನ್ನಿಗೆ ಹತ್ತು ಎಕರೆ ತೋಟವಿದ್ದವನು ಅದೇ ಕೊಳೆಯನ್ನು 'ಈ ವರ್ಷ ಹೋಯ್ತು' ಎಂದು ಕೊಡವಿಕೊಂಡು ಮುಂದಿನ ವರ್ಷ ಮತ್ತೆ ಮಡಿ ಹಾಕುತ್ತಾನೆ. 2023ರಲ್ಲಿ ಹಣ ಕಂಡವರಲ್ಲಿ ಇಂಥವರೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಛಲ ಎಂದು ನಾವು ಕರೆಯುವುದರ ಹಿಂದೆ ಎಷ್ಟೋ ಸಲ ಅಪ್ಪ ಬಿಟ್ಟುಹೋದ ಜಮೀನಿರುತ್ತದೆ.

ಸಣ್ಣವನೂ ಆಟದಲ್ಲಿ ಉಳಿಯಬೇಕೆಂದೇ ಹವಾಮಾನ ಆಧಾರಿತ ಬೆಳೆ ವಿಮೆ ಬಂದಿದೆ. ಅಡಿಕೆ, ಶುಂಠಿ, ಕಾಳುಮೆಣಸಿಗೆ ವಿಮಾ ಮೊತ್ತದ ಶೇ. 5ರಷ್ಟನ್ನು ರೈತ ಕಂತಾಗಿ ಕಟ್ಟುತ್ತಾನೆ, ಕಂತಿನ ಉಳಿದ ಪಾಲನ್ನು ಕೇಂದ್ರ, ರಾಜ್ಯ ಸರಕಾರಗಳು ಭರಿಸುತ್ತವೆ. ಪಂಚಾಯ್ತಿಯ ಮಳೆಮಾಪಕದಲ್ಲಿ ಬಿದ್ದ ಮಳೆ ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ನೀನು ಸೋಮಾರಿಯೋ ದುಡಿಯುವವನೋ ಎಂದು ಯಾರೂ ಕೇಳುವುದಿಲ್ಲ. ಮಳೆ ನಿನ್ನ ಕೈಯಲ್ಲಿರಲಿಲ್ಲ ಎಂಬುದನ್ನು ಸರಕಾರವೇ ಕಾಗದದ ಮೇಲೆ ಒಪ್ಪಿಕೊಳ್ಳುವ ಅಪರೂಪದ ಪದ್ಧತಿ ಅದು. ನೆತ್ತರುಗೊಡಗೆ ಕೊಟ್ಟ ಊರಿನವರಿಗೆ ಇದರ ನ್ಯಾಯ ಥಟ್ಟನೆ ಅರ್ಥವಾಗುತ್ತಿತ್ತು. ಮಾಪಕ ಕೆಟ್ಟು ಕೂತಿತ್ತು, ದುಡ್ಡು ತಡವಾಯಿತು ಎಂಬ ದೂರುಗಳು ಮಲೆನಾಡಿನಲ್ಲಿ ಹೊಸತೇನಲ್ಲ. ಅದೃಷ್ಟವನ್ನು ಅಳೆಯುವ ಯಂತ್ರವೇ ಕೈಕೊಟ್ಟರೆ ರೈತ ಯಾರನ್ನು ಕೇಳಬೇಕು?

ಇನ್ನು ಪ್ರಗತಿಪರ ಕೃಷಿಕರ ಸನ್ಮಾನದ ಕಾಲ ಬರುತ್ತದೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲೆ ಕೂರಿಸುವುದು ಸಾಮಾನ್ಯವಾಗಿ ಆ ವರ್ಷ ಒಳ್ಳೆಯ ದರ ಸಿಕ್ಕವರನ್ನು. ಅವರು ಮೈಕು ಹಿಡಿದು ಯುವಕರಿಗೆ ಕಷ್ಟಪಟ್ಟರೆ ಫಲ ಖಂಡಿತ ಎನ್ನುತ್ತಾರೆ. ಸಂಘಟಕರು ಒಂದು ಸಣ್ಣ ಬದಲಾವಣೆ ಮಾಡಿ ನೋಡಲಿ. ಹೆಸರು ಕಳಿಸುವವರಿಂದ ಈ ವರ್ಷದ ಆದಾಯದ ಬದಲು 12 ವರ್ಷದ ಲೆಕ್ಕ ಕೇಳಲಿ: ಯಾವ ವರ್ಷ ಏನು ಹಾಕಿದಿರಿ, ಎಷ್ಟು ಖರ್ಚು, ಎಷ್ಟು ಬಂತು, ಯಾವ ವರ್ಷ ಕೈಕೊಟ್ಟಿತು, ಮರುವರ್ಷ ಏನು ಮಾಡಿದಿರಿ, ಅದಕ್ಕೆ ದುಡ್ಡು ಎಲ್ಲಿಂದ ತಂದಿರಿ. ಆ ಕಾಗದ ತುಂಬಿ ಕಳಿಸುವವರ ಸಾಲು ಬೇರೆಯೇ ಇರುತ್ತದೆ. ಅದರಲ್ಲಿ ಹೆಂಗಸರ ಹೆಸರು ಜಾಸ್ತಿ ಬಂದರೂ ನನಗೆ ಅಚ್ಚರಿಯಿಲ್ಲ. ಕೈಕೊಟ್ಟ ವರ್ಷ ಮನೆ ನಡೆಸಿದ ಲೆಕ್ಕ ಅವರ ಹತ್ತಿರವೇ ಇರುವುದು.